ಸರಪಣಿ ಟ್ರ್ಯಾಕ್ಟರಿನ ಪೂರ್ವೋತ್ತರ

ನಮ್ಮ ನಾಡಿನ ಇತಿಹಾಸವನ್ನು ಬರೆದವರು ಅರಸರನ್ನೂ ಪಾಳೆಯಗಾರರನ್ನೂ ಮರೆತಿಲ್ಲ. ಗುಡಿಗೋಪುರಗಳನ್ನೂ ಶಿಲಾಶಾಸನಗಳನ್ನೂ ಮರೆತಿಲ್ಲ. ಆದರೆ ಆ ಅರಸರ ಕಣಜಗಳನ್ನು ತುಂಬಿದ ನೇಗಿಲು, ಕುಂಟೆ, ಕೂರಿಗೆಗಳ ಪೂರ್ವೋತ್ತರವನ್ನು ವಿಚಾರಿಸಿದವರು ವಿರಳ. ಕಬ್ಬಿಣದ ಯಂತ್ರಗಳ ವಿಷಯದಲ್ಲಂತೂ ಈ ಉಪೇಕ್ಷೆ ಇನ್ನೂ ಹೆಚ್ಚು. ಯಂತ್ರವು ಹೊಸದಾಗಿ ಬಂದ ದಿವಸ ಹೂಮಾಲೆ ಹಾಕಿ ತೆಂಗಿನಕಾಯಿ ಒಡೆಯುತ್ತೇವೆ. ಅದು ಕೆಟ್ಟು ನಿಂತ ದಿವಸ ಅದರ ಕೆಳಗೆ ಅಂಗಾತ ಮಲಗಿ ಎಣ್ಣೆಯಲ್ಲಿ ಮಿಂದವನನ್ನು ಯಾರೂ ನೆನೆಯುವುದಿಲ್ಲ. ಈ ಲೇಖನದಲ್ಲಿ ಗಾಲಿಯ ಬದಲು ಸರಪಣಿಯ ಮೇಲೆ ನಡೆಯುವ ಟ್ರ್ಯಾಕ್ಟರಿನ ಇತಿಹಾಸವನ್ನು ನಮ್ಮ ಪಡುವಣ ತಾಲ್ಲೂಕುಗಳ ದೃಷ್ಟಿಯಿಂದ ವಾಚಕರ ಮುಂದಿಡಲು ಯತ್ನಿಸಿದೆ. ಆ ಇತಿಹಾಸವು ಬಹುಮಟ್ಟಿಗೆ ದುರಸ್ತಿಯ ಇತಿಹಾಸವೇ ಆಗಿದೆಯೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸೀಮೆಯು ೧೯೫೩ರ ಸೆಪ್ಟೆಂಬರಿನವರೆಗೆ ಮದ್ರಾಸ್ ಆಡಳಿತಕ್ಕೆ ಸೇರಿದ್ದಿತು. ಆ ವರ್ಷ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಹುಟ್ಟಿದಾಗ ಐದೂ ಅದರೊಳಗೆ ಸೇರಿದುವು. ಕಚೇರಿಗಳ ಹೆಸರುಹಲಗೆಗಳು ಹೀಗೆ ಮೇಲಿಂದ ಮೇಲೆ ಬದಲಾದುವು. ಮಣ್ಣು ಮಾತ್ರ ಬದಲಾಗಲಿಲ್ಲ. ಆದುದರಿಂದ ಕಥೆಯನ್ನು ಮಣ್ಣಿನಿಂದಲೇ ಆರಂಭಿಸುವುದು ಯುಕ್ತ.

ಕೂಡ್ಲಿಗಿಯ ಕಡೆ ಮಸಾರಿ ನೆಲವೇ ಹೆಚ್ಚು. ಕೆಂಪು, ಗರಸು ಮಿಶ್ರಿತ, ತೆಳುವಾದ ಮಣ್ಣು. ಹಡಗಲಿ, ಹರಪನಹಳ್ಳಿಗಳ ಕಡೆಗೆ ಸರಿದಂತೆ ಎರೆಯೂ ಮಸಬೂ ಬೆರೆತು ಬರುತ್ತವೆ. ಎರೆಯ ಸ್ವಭಾವವನ್ನು ಬಲ್ಲವರು ಬಲ್ಲರು. ಬೇಸಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುವುದು. ಮಳೆ ಬಿದ್ದೊಡನೆ ಉಬ್ಬಿ ಅಂಟಾಗುವುದು. ಗಟ್ಟಿಯಾದಾಗ ನೇಗಿಲು ಹೋಗದು, ಹಸಿಯಾದಾಗ ಎತ್ತು ಹೋಗದು. ಇವೆರಡರ ನಡುವೆ ದೊರೆಯುವ ಹದವು ಕೆಲವೇ ದಿನಗಳದು. ಆದಕಾರಣ ನಮ್ಮ ಹಿರಿಯರು ಎರೆಹೊಲವನ್ನು ವರ್ಷವರ್ಷವೂ ಉಳುತ್ತಿರಲಿಲ್ಲ. ಕುಂಟೆಯಿಂದ ಹರಗಿ ಕೂರಿಗೆಯಿಂದ ಬಿತ್ತುತ್ತಿದ್ದರು. ಹಲವು ವರ್ಷ ಹೀಗೆ ನಡೆದ ಮೇಲೆ ಕರಿಕೆಯೂ ಜೇಕೂ ಒಳಗೊಳಗೆ ಬೇರೂರಿ ಹೊಲವನ್ನು ಹಾಳುಗೆಡಹುತ್ತಿದ್ದುವು. ಕರಿಕೆಯ ಒಂದು ಗೆಣ್ಣು ಉಳಿದರೂ ಸಾಕು, ಅದು ಮತ್ತೆ ಚಿಗುರುತ್ತದೆ. ಆಗ ಹಿರಿಯ ನೇಗಿಲನ್ನು ಹೊರತೆಗೆದು ಅನೇಕ ಜೊತೆ ಎತ್ತುಗಳನ್ನು ಒಂದರ ಮುಂದೊಂದು ಹೂಡಿ ಆಳವಾಗಿ ಉಳಬೇಕಾಗುತ್ತಿತ್ತು. ಅಷ್ಟು ಎತ್ತುಗಳು ಒಬ್ಬ ಒಕ್ಕಲಿಗನ ಹಟ್ಟಿಯಲ್ಲಿ ಇರುವುದು ಅಪೂರ್ವ. ನೆರೆಹೊರೆಯವರು ಕೂಡಿ ಸರದಿಯ ಮೇಲೆ ಮಾಡಬೇಕಾದ ಕೆಲಸವದು.

೧೮೭೬ರಿಂದ ೧೮೭೮ರವರೆಗಿನ ಧಾತು ಸಂವತ್ಸರದ ಬರಗಾಲವು ಬಳ್ಳಾರಿ ಸೀಮೆಯ ಮನುಷ್ಯರನ್ನು ಮಾತ್ರವಲ್ಲ, ದನಗಳನ್ನೂ ನುಂಗಿತು. ಎತ್ತು ಸತ್ತ ಮನೆಯಲ್ಲಿ ಆಳದ ಉಳುಮೆ ಎಲ್ಲಿಯದು? ಬಾಯಿಯಿಲ್ಲದ ಈ ಕಷ್ಟವನ್ನು ನೆನೆದರೆ ಮಾತ್ರ, ಎತ್ತಿಲ್ಲದೆ ಆಳವಾಗಿ ಉಳುವ ಯಂತ್ರವೆಂಬ ಮಾತು ನಮ್ಮ ಒಕ್ಕಲಿಗರ ಕಿವಿಗೆ ಹೇಗೆ ಕೇಳಿಸಿರಬೇಕೆಂಬುದು ಅರ್ಥವಾಗುತ್ತದೆ. ೧೯೦೬ರಲ್ಲಿ ಬಳ್ಳಾರಿಯ ಹತ್ತಿರ ಹಗರಿಯಲ್ಲಿ ಸರಕಾರದ ವ್ಯವಸಾಯ ಕ್ಷೇತ್ರವು ಆರಂಭವಾಯಿತು. ಅದೇ ಕಾಲದಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ೧೯೧೦ರಲ್ಲಿ ಅವರ ಕಾರಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಕಬ್ಬಿಣವು ನೆಲಕ್ಕೆ ವಿಷವೆಂದು ರೈತರು ಮೊದಲಲ್ಲಿ ಅದನ್ನು ಮುಟ್ಟಲೊಲ್ಲದೆ ಇದ್ದರೆಂದು ಹೇಳುವರು. ಹೊಸ ಉಪಕರಣದ ಬಗೆಗೆ ಒಕ್ಕಲಿಗನು ತೋರುವ ಸಂಶಯವನ್ನು ಅಜ್ಞಾನವೆಂದು ನಕ್ಕುಬಿಡುವುದು ಸುಲಭ; ಅದು ಮುರಿದರೆ ಸರಿಮಾಡುವವರು ಊರಲ್ಲಿ ಯಾರಿದ್ದಾರೆಂಬ ಪ್ರಶ್ನೆಯೂ ಆ ಸಂಶಯದೊಳಗೆ ಅಡಗಿರುತ್ತದೆ. ಮರದ ನೇಗಿಲು ಮುರಿದರೆ ಬಡಿಗನುಂಟು, ಕುಳ ಸವೆದರೆ ಕಮ್ಮಾರನುಂಟು. ಇಬ್ಬರಿಗೂ ಸುಗ್ಗಿಯಲ್ಲಿ ಆಯವುಂಟು. ಊರಿನ ಆಯಗಾರರ ಪದ್ಧತಿಯೆಂದರೆ ಒಂದರ್ಥದಲ್ಲಿ ದುರಸ್ತಿಯ ಪದ್ಧತಿಯೇ.

ಇನ್ನು ಯಂತ್ರದ ಹುಟ್ಟಿನ ಕಡೆಗೆ ತಿರುಗೋಣ. ಇಂಗ್ಲೆಂಡಿನಲ್ಲಿ ಜಾನ್ ಫೌಲರ್ ಎಂಬವನು ೧೮೫೮ರಲ್ಲಿ ಉಗಿಯ ನೇಗಿಲಿಗೆ ಬಹುಮಾನ ಪಡೆದನು. ಅವನ ಉಗಿಯಂತ್ರವು ಹೊಲದೊಳಕ್ಕೆ ಇಳಿಯುತ್ತಿರಲಿಲ್ಲ. ಬದುವಿನ ಬಳಿ ನಿಂತು ತಂತಿಹಗ್ಗದಿಂದ ನೇಗಿಲನ್ನು ಎಳೆಯುತ್ತಿತ್ತು. ಏಕೆಂದರೆ ಆ ಭಾರವು ಹೊಲಕ್ಕಿಳಿದರೆ ಹೂತುಹೋಗುತ್ತಿತ್ತು. ಭಾರವಿಲ್ಲದೆ ಎಳೆತವಿಲ್ಲ, ಭಾರವಿದ್ದರೆ ನಡೆಯಿಲ್ಲ, ಇದೇ ಸಮಸ್ಯೆ. ಅಮೆರಿಕೆಯ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ನಗರದ ಬಳಿಯ ಮೆದುನೆಲದಲ್ಲಿ ಬೆಂಜಮಿನ್ ಹಾಲ್ಟನು ೧೯೦೪ರ ನವೆಂಬರಿನಲ್ಲಿ ತನ್ನ ಉಗಿಬಂಡಿಯ ಗಾಲಿಗಳನ್ನು ತೆಗೆದು, ಮರದ ಹಲಗೆಗಳನ್ನು ಸರಪಣಿಗೆ ಜೋಡಿಸಿ ಓಡಿಸಿ ನೋಡಿದನು. ಬಂಡಿಯು ತನ್ನ ಹಾದಿಯನ್ನು ತಾನೇ ಹಾಸಿಕೊಂಡು, ತಾನೇ ಸುತ್ತಿಕೊಂಡು ಮುಂದುವರಿಯಿತು. ಸುಮಾರು ಅದೇ ಸಮಯದಲ್ಲಿ ಇಂಗ್ಲೆಂಡಿನ ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಾರಖಾನೆಯಲ್ಲಿ ಡೇವಿಡ್ ರಾಬರ್ಟ್ಸನೂ ಇಂಥದೇ ಯುಕ್ತಿಯನ್ನು ಸಾಧಿಸಿದ್ದನು. ಕೊಳ್ಳುವವರಿಲ್ಲದೆ ಆ ಹಕ್ಕು ಕಡೆಗೆ ಹಾಲ್ಟನ ಕಂಪನಿಗೇ ಮಾರಿಹೋಯಿತು. ಹಾಲ್ಟ್ ಮತ್ತು ಬೆಸ್ಟ್ ಕಂಪನಿಗಳು ೧೯೨೫ರಲ್ಲಿ ಒಂದಾಗಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಕಂಪನಿಯಾಯಿತು. ೧೯೩೧ರಲ್ಲಿ ಅದರ ಮೊದಲ ಡೀಸೆಲ್ ಟ್ರ್ಯಾಕ್ಟರ್ ಹೊರಬಂದಿತು. ಕ್ಯಾಟರ್‌ಪಿಲ್ಲರ್ ಎಂದರೆ ಕಂಬಳಿಹುಳು. ನಡಿಗೆಯನ್ನು ನೋಡಿದವರಿಗೆ ಹೆಸರು ಅನ್ವರ್ಥವೆಂದು ತೋರುವುದು. ಹತ್ತಾರು ಸಾವಿರ ಪೌಂಡು ತೂಗುವ ಈ ಯಂತ್ರವು ನೆಲದ ಮೇಲೆ ಚದರಂಗುಲಕ್ಕೆ ಹಾಕುವ ಒತ್ತಡವು ಏಳೆಂಟು ಪೌಂಡು ಮಾತ್ರ; ಅದು ನಿಂತ ಮನುಷ್ಯನ ಅಂಗಾಲಿನ ಒತ್ತಡಕ್ಕೆ ಸಮೀಪ.

ಎರಡನೆಯ ಮಹಾಯುದ್ಧದಲ್ಲಿ ಈ ಟ್ರ್ಯಾಕ್ಟರುಗಳು ಸೈನ್ಯದೊಡನೆ ನಮ್ಮ ದೇಶಕ್ಕೆ ಬಂದುವು. ರಸ್ತೆಗಳನ್ನೂ ವಿಮಾನ ನಿಲ್ದಾಣಗಳನ್ನೂ ಮಾಡಿದುವು. ಯುದ್ಧ ಮುಗಿಯಿತು, ಸೈನ್ಯ ಹೋಯಿತು, ಯಂತ್ರಗಳು ಉಳಿದುವು. ೧೯೪೭ರಲ್ಲಿ ಕೇಂದ್ರ ಸರಕಾರವು ಸ್ಥಾಪಿಸಿದ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್ ಎಂಬ ಸಂಸ್ಥೆಯು ಅಮೆರಿಕೆಯ ಸೈನ್ಯವು ಬಿಟ್ಟುಹೋದ ಹಳೆಯ ಟ್ರ್ಯಾಕ್ಟರುಗಳನ್ನು ದುರಸ್ತಿಮಾಡಿಕೊಂಡು ಕೆಲಸಕ್ಕೆ ತೊಡಗಿತು. ಮಧ್ಯಭಾರತದ ಎರೆನೆಲಗಳಲ್ಲಿ ಕಾನ್ಸ್ ಎಂಬ ಆಳಬೇರಿನ ಹುಲ್ಲು ಲಕ್ಷಾಂತರ ಎಕರೆಗಳನ್ನು ನುಂಗಿದ್ದಿತು. ಅದನ್ನು ಕಿತ್ತು ನೆಲವನ್ನು ಸಾಗುವಳಿಗೆ ತರುವುದೇ ಆ ಸಂಸ್ಥೆಯ ಮುಖ್ಯ ಕಾರ್ಯ. ಇದಕ್ಕೆ ಬೇಕಾದ ಹೊಸ ಯಂತ್ರಗಳಿಗಾಗಿ ೧೯೪೯ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಸ್ವತಂತ್ರ ಭಾರತದ ಯಾಂತ್ರಿಕ ಒಕ್ಕಲುತನವು ಹೊಸ ಯಂತ್ರದಿಂದ ಆರಂಭವಾದುದಲ್ಲ. ಪರರು ಬಳಸಿ ಬಿಟ್ಟ ಯಂತ್ರಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಕೈಗಳಿಂದ ಆರಂಭವಾಯಿತು.

ನಮ್ಮ ಸೀಮೆಯಲ್ಲಿ ಇದೇ ವರ್ಷಗಳಲ್ಲಿ ಎರಡು ದೊಡ್ಡ ಕಾರ್ಯಗಳು ನಡೆದುವು. ಒಂದು ತುಂಗಭದ್ರಾ ಅಣೆಕಟ್ಟು. ೧೯೪೫ರ ಫೆಬ್ರವರಿ ೨೮ರಂದು ಅದರ ಅಸ್ತಿಭಾರವಾಯಿತು. ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟರು. ಸುರ್ಕಿ ಗಾರೆಯ ಕಲ್ಲುಕಟ್ಟಡವಾದ ಆ ಕಟ್ಟೆಯ ಬಹುಭಾಗವು ಮನುಷ್ಯರ ಕೈಗಳಿಂದಲೇ ಎದ್ದಿತು. ಅದರ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿಗಳ ಅಂಚಿನವರೆಗೂ ಹರಡಿ ಎಷ್ಟೋ ಹಳ್ಳಿಗಳನ್ನು ಮುಳುಗಿಸಿತು. ತಲೆಮಾರುಗಳು ಹದಗೊಳಿಸಿದ ನದಿದಂಡೆಯ ಹೊಲಗಳು ಹೋಗಿ, ಒಕ್ಕಲುಗಳು ಮೇಲಿನ ನೆಲಕ್ಕೆ ಹೋಗಬೇಕಾಯಿತು. ಎರಡನೆಯದು ಮಣ್ಣಿನ ಸಂರಕ್ಷಣೆ. ಸಮಪಾತಳಿಯ ಒಡ್ಡುಗಳನ್ನು ಹಾಕಿಸುವ ಅಧಿಕಾರವನ್ನು ಮದ್ರಾಸ್ ಸರಕಾರವು ೧೯೪೯ರ ಶಾಸನದಿಂದ ಪಡೆದುಕೊಂಡಿತು. ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನಾ ಕೇಂದ್ರವು ಆರಂಭವಾಯಿತು. ನೆಲವನ್ನು ಒಡೆಯುವುದು, ಮಟ್ಟಮಾಡುವುದು, ಒಡ್ಡು ಹಾಕುವುದು, ಕೆರೆಯ ಹೂಳೆತ್ತುವುದು, ಇಂಥ ಕೆಲಸಗಳಿಗೆ ಮುಂದೆ ಅಗಲವಾದ ಅಲಗನ್ನು ಕಟ್ಟಿಕೊಂಡ ಸರಪಣಿ ಟ್ರ್ಯಾಕ್ಟರು, ಅಂದರೆ ಬುಲ್ಡೋಜರು, ಯೋಗ್ಯ ಸಾಧನವಾಯಿತು. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ಜಪಾನಿನ ಕೊಮಾತ್ಸು ಕಂಪನಿಯ ತಂತ್ರಜ್ಞಾನದಿಂದ ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ ಇಂಥ ಯಂತ್ರಗಳನ್ನು ಮಾಡತೊಡಗಿತು. ೧೯೬೭ರಲ್ಲಿ ಹುಟ್ಟಿದ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ನು ಬುಲ್ಡೋಜರುಗಳನ್ನು ರೈತರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿತು. ಎಂಟು ಜೊತೆ ಎತ್ತುಗಳನ್ನು ಕೂಡಿಹಾಕಲಾರದ ಒಕ್ಕಲಿಗನೂ ಹೀಗೆ ಕೆಲವು ಗಂಟೆಗಳ ಮಟ್ಟಿಗೆ ಆ ಶಕ್ತಿಯ ಒಡೆಯನಾಗಬಹುದಾಯಿತು.

ಈಗ ಆರೈಕೆಯ ವಿಚಾರ. ಸರಪಣಿಯೇ ಈ ಯಂತ್ರದ ಬಲ, ಅದೇ ಅದರ ದೌರ್ಬಲ್ಯ. ಗಾಲಿಯ ಟ್ರ್ಯಾಕ್ಟರಿನಲ್ಲಿ ನೆಲವನ್ನು ಮುಟ್ಟುವುದು ರಬ್ಬರು. ಇಲ್ಲಿ ಹತ್ತಾರು ಕೊಂಡಿಗಳು, ಪ್ರತಿಯೊಂದು ಕೂಡಿನಲ್ಲಿ ಒಂದು ಪಿನ್ನು, ಅದರ ಮೇಲೊಂದು ಬುಷ್ಷು. ಎಲ್ಲವೂ ಧೂಳಿನಲ್ಲಿ, ಮರಳಿನಲ್ಲಿ, ಕೆಸರಿನಲ್ಲಿ ಒಂದಕ್ಕೊಂದು ಉಜ್ಜುತ್ತಿರುತ್ತವೆ. ಹಳೆಯ ಮಾದರಿಗಳಲ್ಲಿ ಈ ಕೂಡುಗಳಿಗೆ ಎಣ್ಣೆಯಿಲ್ಲ. ಎಣ್ಣೆ ಹಾಕಿದರೆ ಮರಳು ಅಂಟಿ ಅರದಂತೆ ಕೆಲಸ ಮಾಡುವುದು. ಹೀಗಾಗಿ ಸವೆತವು ಅನಿವಾರ್ಯ. ಪಿನ್ನು ಬುಷ್ಷುಗಳು ಸವೆದಂತೆ ಕೊಂಡಿಯಿಂದ ಕೊಂಡಿಗಿರುವ ದೂರವು ಹೆಚ್ಚಿ, ಸರಪಣಿ ಉದ್ದವಾದಂತೆ ಕಾಣುತ್ತದೆ. ಆಗ ಅದು ಹಲ್ಲಿನ ಚಕ್ರಕ್ಕೆ ಸರಿಯಾಗಿ ಕೂಡದೆ ಹಲ್ಲುಗಳನ್ನು ಚೂಪಾಗಿ ತಿನ್ನುತ್ತದೆ. ಸವೆದ ಚಕ್ರದ ಮೇಲೆ ಹೊಸ ಸರಪಣಿ ಹಾಕಿದರೆ ಆ ಹೊಸದೂ ಬೇಗ ಹಳತಾಗುವುದು.

ಇದಕ್ಕೆ ಒಂದು ಉಪಾಯವುಂಟು. ಬುಷ್ಷು ಸವೆಯುವುದು ಚಕ್ರದ ಹಲ್ಲು ತಾಗುವ ಒಂದೇ ಮಗ್ಗುಲಲ್ಲಿ, ಪಿನ್ನೂ ಹಾಗೆಯೇ. ಸರಿಯಾದ ಸಮಯದಲ್ಲಿ ಸರಪಣಿಯನ್ನು ಬಿಚ್ಚಿ, ಎರಡನ್ನೂ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬಂದು, ಸರಪಣಿಯ ಆಯುಸ್ಸು ಹೆಚ್ಚುಕಡಮೆ ಇಮ್ಮಡಿಯಾಗುವುದು. ಆದರೆ ಸಮಯ ಮೀರಿ ಬುಷ್ಷಿನ ಗೋಡೆ ತೆಳ್ಳಗಾಗಿ ಸೀಳಿದರೆ ತಿರುಗಿಸಿ ಫಲವಿಲ್ಲ. ಆ ಸಮಯವನ್ನು ಗುರುತಿಸುವುದು ಅಳತೆಪಟ್ಟಿಯ ಕೆಲಸ. ಪಳಗಿದವನು ಕಿವಿಯಿಂದಲೂ ಗುರುತಿಸುವನು. ಪಿನ್ನು ಹೊರದೂಡಲು ಹತ್ತಾರು ಟನ್ನು ಒತ್ತುವ ಪ್ರೆಸ್ಸು ಬೇಕು. ಅದಿಲ್ಲದ ಊರಿನಲ್ಲಿ ಕೊಂಡಿಯನ್ನು ಕಾಯಿಸಿ ಸುತ್ತಿಗೆಯಿಂದ ಬಡಿಯುವುದೊಂದೇ ದಾರಿ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂರಿಸುವ ನಮ್ಮ ಕಮ್ಮಾರರಿಗೆ ಕಬ್ಬಿಣವು ಕಾದರೆ ಹಿಗ್ಗುವುದೆಂಬ ತತ್ತ್ವವನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ.

ಸರಪಣಿಯ ಬಿಗುಪಿನಲ್ಲಿಯೂ ಹದವುಂಟು. ಬಹಳ ಬಿಗಿದರೆ ಶಕ್ತಿಯೆಲ್ಲ ಉಜ್ಜಾಟದಲ್ಲಿಯೇ ಹೋಗಿ ಎಲ್ಲ ಭಾಗಗಳೂ ಸವೆಯುವುವು. ಸಡಿಲ ಬಿಟ್ಟರೆ ತಿರುವಿನಲ್ಲಿ ಸರಪಣಿ ಕಳಚಿ ಬೀಳುವುದು. ಮೇಲಿನ ಉರುಳೆಗೂ ಮುಂದಿನ ಚಕ್ರಕ್ಕೂ ನಡುವೆ ಒಂದೆರಡಂಗುಲ ಜೋಲು ಇರಬೇಕು. ಎರೆಯಲ್ಲಿ ದುಡಿದ ಯಂತ್ರಕ್ಕೆ ಸಂಜೆಯ ಆರೈಕೆ ಮುಖ್ಯ. ಉರುಳೆಗಳ ನಡುವೆ ತುಂಬಿದ ಹಸಿಮಣ್ಣನ್ನು ಅಂದೇ ಕೆರೆದು ತೆಗೆಯದಿದ್ದರೆ ಅದು ರಾತ್ರಿಯಲ್ಲಿ ಇಟ್ಟಿಗೆಯಂತಾಗುವುದು. ಬೆಳಿಗ್ಗೆ ಉರುಳೆ ತಿರುಗದು, ಸರಪಣಿ ಅದರ ಮೇಲೆ ಉಜ್ಜಿಕೊಂಡು ಹೋಗಿ ಒಂದು ಮಗ್ಗುಲು ಚಪ್ಪಟೆಯಾಗುವುದು. ಹತ್ತು ನಿಮಿಷದ ಸೋಮಾರಿತನಕ್ಕೆ ಒಂದು ಉರುಳೆ ದಂಡ.

ಎಂಜಿನ್ನಿನ ಶತ್ರು ಧೂಳು. ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೂಲಕ ಹಾಯಿಸಿ ಶುದ್ಧಮಾಡುವ ಏರ್ಪಾಡು ಹಳೆಯ ಯಂತ್ರಗಳಲ್ಲಿದೆ. ಬೇಸಗೆಯ ಕೆಲಸದಲ್ಲಿ ಆ ಎಣ್ಣೆಯನ್ನು ದಿನಾಲು ನೋಡಬೇಕು. ಗಾಳಿಕೊಳವೆಯ ಕೂಡಿನಲ್ಲಿ ಕೂದಲಿನಷ್ಟು ಸಂದಿಯಿದ್ದರೂ ಮಸಾರಿಯ ಪುಡಿ ಒಳಸೇರಿ ಸಿಲಿಂಡರನ್ನು ಉಜ್ಜಿಹಾಕುವುದು. ನಮ್ಮ ಬಾವಿಗಳ ಗಡುಸು ನೀರು ರೇಡಿಯೇಟರಿನಲ್ಲಿ ಸುಣ್ಣ ಕಟ್ಟುವುದು. ಮಳೆಯ ನೀರನ್ನು ಹಿಡಿದಿಟ್ಟು ಹಾಕುವುದು ಲೇಸು. ಹಳೆಯ ಕ್ಯಾಟರ್‌ಪಿಲ್ಲರ್ ಡೀಸೆಲ್‌ಗಳನ್ನು ಎಬ್ಬಿಸಲು ಮಗ್ಗುಲಲ್ಲಿ ಎರಡು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಎಂಜಿನ್ನೊಂದಿರುತ್ತದೆ. ಮೊದಲು ಚಿಕ್ಕದನ್ನು ಕೈಯಿಂದ ತಿರುಗಿಸಿ ಎಬ್ಬಿಸಬೇಕು. ಅದು ದೊಡ್ಡದನ್ನು ತಿರುಗಿಸಿ, ತನ್ನ ಬಿಸಿಯಿಂದ ಕಾಯಿಸಿ, ಎಣ್ಣೆ ಎಲ್ಲೆಡೆ ಹರಿದ ಮೇಲೆ ಎಬ್ಬಿಸುವುದು. ದಿನಕ್ಕೆ ಕೆಲವೇ ನಿಮಿಷ ದುಡಿಯುವ ಈ ಚಿಕ್ಕದನ್ನು ಯಾರೂ ಲಕ್ಷಿಸರು. ಅದು ಮುನಿದರೆ ದೊಡ್ಡದು ಏಳದು.

ಈ ಟ್ರ್ಯಾಕ್ಟರಿಗೆ ತಿರುಗಿಸುವ ಚಕ್ರವಿಲ್ಲ, ಎರಡು ಸನ್ನೆಗೋಲುಗಳುಂಟು. ಬಲದ ಕೋಲೆಳೆದರೆ ಬಲದ ಸರಪಣಿಗೆ ಹೋಗುವ ಶಕ್ತಿ ನಿಂತು ಯಂತ್ರ ಬಲಕ್ಕೆ ತಿರುಗುವುದು. ಒಂದು ಕಡೆಯ ಒಣ ಕ್ಲಚ್ಚಿಗೆ ಎಣ್ಣೆ ಜಿನುಗಿದರೆ ಅದು ಜಾರತೊಡಗುತ್ತದೆ. ಆಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯು ಕಬ್ಬಿಣದಲ್ಲಿ ಮೂರ್ತಿಮಂತವಾಗುವುದು. ಕೆಲಸವಿಲ್ಲದೆ ಬಹುಕಾಲ ನಿಂತ ಯಂತ್ರದಲ್ಲಿ ಇದೇ ಕ್ಲಚ್ಚಿನ ತಟ್ಟೆಗಳು ತುಕ್ಕಿನಿಂದ ಅಂಟಿಕೊಂಡು ಯಂತ್ರವು ತಿರುಗಲೇ ಒಲ್ಲದು. ಹೊಗೆಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿ ಮುಚ್ಚದಿದ್ದ ದೋಷಕ್ಕೆ ಒಂದು ಮಳೆಗಾಲದಲ್ಲಿಯೇ ಎಂಜಿನ್ ಕಚ್ಚಿಕೊಂಡಿರುವುದುಂಟು. ಅಂಥದನ್ನು ಬಲವಂತದಿಂದ ತಿರುಗಿಸಬಾರದು. ಸಿಲಿಂಡರುಗಳಲ್ಲಿ ಎಣ್ಣೆ ತುಂಬಿ ದಿನಗಟ್ಟಲೆ ಕಾದು, ಮೆಲ್ಲನೆ ಅಲುಗಿಸಿ ನೋಡಬೇಕು. ಕುಳಿತ ಯಂತ್ರವು ದುಡಿದ ಯಂತ್ರಕ್ಕಿಂತ ಬೇಗ ಕೆಡುವುದೆಂಬುದು ಮೆಕ್ಯಾನಿಕ್ಕರ ಅನುಭವ.

ಬಿಡಿಭಾಗಗಳ ಅಭಾವವು ಈ ಇತಿಹಾಸದ ಇನ್ನೊಂದು ಅಧ್ಯಾಯ. ಪರದೇಶದ ಯಂತ್ರಕ್ಕೆ ಪರದೇಶದ ಭಾಗ ಬೇಕು. ಅದಕ್ಕೆ ಡಾಲರು ಬೇಕು. ಡಾಲರಿಗೆ ಪರವಾನಗಿ ಬೇಕು. ಆದುದರಿಂದ ಸತ್ತ ಒಂದು ಯಂತ್ರದ ಅಂಗಗಳಿಂದ ಎರಡನ್ನು ಬದುಕಿಸುವುದು, ಸವೆದ ಉರುಳೆಯ ಮೇಲೆ ವೆಲ್ಡಿಂಗಿನಿಂದ ಲೋಹ ಏರಿಸಿ ಲೇತಿನಲ್ಲಿ ಕಡೆಯುವುದು, ಸವೆದ ಹೆಜ್ಜೆಪಟ್ಟಿಗೆ ಹೊಸ ಉಕ್ಕಿನ ಏಣು ಬೆಸೆಯುವುದು, ಇವೆಲ್ಲ ದೇಶದ ಎಲ್ಲೆಡೆ ವಾಡಿಕೆಯಾದುವು. ಚಾಲಕರನ್ನೂ ಮೆಕ್ಯಾನಿಕ್ಕರನ್ನೂ ತರಬೇತುಗೊಳಿಸಲು ೧೯೫೫ರಲ್ಲಿ ಮಧ್ಯಪ್ರದೇಶದ ಬುಧನಿಯಲ್ಲಿ ಕೇಂದ್ರವೊಂದು ಆರಂಭವಾಯಿತು; ೧೯೮೩ರಲ್ಲಿ ನಮ್ಮ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಅಂಥ ಸಂಸ್ಥೆ ಬಂದಿತು. ಆದರೂ ಈ ವಿದ್ಯೆಯ ಬಹುಭಾಗವು ಶಾಲೆಯಿಂದ ಬಂದುದಲ್ಲ. ಒಬ್ಬನ ಕೈಯನ್ನು ನೋಡಿ ಇನ್ನೊಬ್ಬನು ಕಲಿತುದು.

ಯಂತ್ರದ ಗುಣವನ್ನೇ ಹೇಳಿ ದೋಷವನ್ನು ಮರೆಮಾಚುವುದು ಇತಿಹಾಸಕಾರನ ಧರ್ಮವಲ್ಲ. ಹದ ತಪ್ಪಿ ಹಸಿಯಲ್ಲಿ ಓಡಿಸಿದರೆ ಸರಪಣಿಯೂ ನೆಲವನ್ನು ಮೆಟ್ಟಿ ಗಟ್ಟಿಮಾಡುವುದು. ಮಟ್ಟಮಾಡುವ ಆತುರದಲ್ಲಿ ಮೇಲಣ ಸಾರದ ಮಣ್ಣನ್ನು ತಗ್ಗಿಗೆ ನೂಕಿ ಕೆಳಗಣ ಗರಸನ್ನು ಬಯಲಿಗೆ ತಂದ ಹೊಲಗಳು ಚೇತರಿಸಿಕೊಳ್ಳಲು ವರ್ಷಗಳು ಬೇಕು. ಆಳವಾದ ಎರೆಯಲ್ಲಿ ಹಾಕಿದ ಸಮಪಾತಳಿಯ ಒಡ್ಡುಗಳು ಬೇಸಗೆಯಲ್ಲಿ ಬಿರುಕುಬಿಟ್ಟು, ಮಳೆಯಲ್ಲಿ ನೀರು ನಿಂತು ಒಡೆದುಹೋಗುವುದನ್ನು ಕಂಡು, ಅಂಥ ನೆಲಕ್ಕೆ ಇಳಿಜಾರುಳ್ಳ ಒಡ್ಡುಗಳೇ ಮೇಲೆಂದು ಸಂಶೋಧಕರು ಹೇಳಬೇಕಾಯಿತು. ಹಿರಿಯ ನೇಗಿಲನ್ನು ವರ್ಷವರ್ಷವೂ ಹೂಡದೆ ಕುಂಟೆಯಿಂದಲೇ ಕೆಲಸ ಸಾಗಿಸಿದ ಹಿರಿಯರಿಗೆ ನೆಲದ ಮಾತು ತಿಳಿದಿತ್ತು. ಯಂತ್ರವು ಎತ್ತಿನ ಅಭಾವವನ್ನು ನೀಗಿಸಿತು. ತಿಳಿವಿನ ಅಭಾವವನ್ನು ನೀಗಿಸುವುದು ಅದರ ಕೈಯಲ್ಲಿ ಇರಲಿಲ್ಲ.

ಇಂದು ನಮ್ಮ ಹೊಲಗಳಲ್ಲಿ ರಬ್ಬರುಗಾಲಿಯ ಟ್ರ್ಯಾಕ್ಟರುಗಳು ತುಂಬಿವೆ. ಹಳೆಯ ಸರಪಣಿ ಟ್ರ್ಯಾಕ್ಟರುಗಳು ಗುಜರಿಯ ತೂಕಕ್ಕೆ ಹೋಗುವುವು. ಅವುಗಳೊಡನೆ ಅವುಗಳ ವಿದ್ಯೆಯೂ ಹೋಗುವುದು. ಹೋದರೇನು ನಷ್ಟವೆಂದು ಕೇಳುವವರಿಗೆ ನಮ್ಮ ಉತ್ತರವು ದೂರದಲ್ಲಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಣಿಯು ತುಂಡಾಗಿ, ಬಾಗಿಲೇ ಕೊಚ್ಚಿಹೋಯಿತು. ಏಳು ದಶಕಗಳ ಕಾಲ ಭಾರ ಹೊತ್ತ ಸರಪಣಿಯದು. ತುಂಬಿದ ಜಲಾಶಯದಿಂದ ನೀರು ಹೊಳೆಯ ಪಾಲಾಗುತ್ತಿದ್ದುದನ್ನು ನಾಲ್ಕು ಜಿಲ್ಲೆಗಳ ರೈತರು ಎದೆಬಡಿತದಿಂದ ನೋಡಿದರು. ಆಗ ಕರೆಸಿದುದು ಯಾರನ್ನು? ಅಣೆಕಟ್ಟುಗಳ ಬಾಗಿಲುಗಳಲ್ಲಿಯೇ ಜೀವಮಾನ ಕಳೆದ ವಯೋವೃದ್ಧ ತಜ್ಞರಾದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಹರಿವನ್ನು ನಿಲ್ಲಿಸಲಾಯಿತು. ಇಂಥ ಬಾಗಿಲುಗಳನ್ನು ತಯಾರಿಸುತ್ತಿದ್ದ, ಅಣೆಕಟ್ಟಿನ ಮಗ್ಗುಲಲ್ಲಿಯೇ ೧೯೬೦ರಲ್ಲಿ ಹುಟ್ಟಿದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರಖಾನೆಯು ಅಷ್ಟರಲ್ಲಾಗಲೇ ಮುಚ್ಚಿಹೋಗಿದ್ದಿತು. ಸರಪಣಿಯೊಂದು ಎಷ್ಟು ಸವೆದಿದೆಯೆಂದು ಮುಟ್ಟಿ ನೋಡಿ ಹೇಳಬಲ್ಲವರು ಒಂದು ನಾಡಿಗೆ ಎಷ್ಟು ಬೇಕಾದವರೆಂಬುದನ್ನು ಆ ವಾರವು ನಮಗೆ ಕಲಿಸಿತು.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಹಳೆಯ ಚಾಲಕರೂ ಮೆಕ್ಯಾನಿಕ್ಕರೂ ವೆಲ್ಡಿಂಗಿನವರೂ ಈ ಐದು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಯಂತ್ರದ ಒಂದೊಂದು ಅಂಗಕ್ಕೂ ಅವರು ಕೊಟ್ಟುಕೊಂಡ ಹೆಸರುಗಳನ್ನು, ಅವರು ಬಲ್ಲ ಗುಟ್ಟುಗಳನ್ನು, ಅವರ ಪೆಟ್ಟಿಗೆಗಳಲ್ಲಿ ಉಳಿದಿರುವ ಲಾಗ್‌ಪುಸ್ತಕಗಳನ್ನು ಸಂಗ್ರಹಿಸುವುದು ಸಾಹಿತ್ಯಸಂಘದ ಕೆಲಸವೇ ಸರಿ. ಲಾವಣಿಗಳನ್ನು ಬರೆದುಕೊಂಡಂತೆ ಇವುಗಳನ್ನೂ ಬರೆದುಕೊಳ್ಳಬೇಕು. ಗುಜರಿಗೆ ಹೋಗಲಿರುವ ಯಂತ್ರಗಳಲ್ಲಿ ಒಂದನ್ನಾದರೂ ಕೊಂಡು, ಯಾವುದಾದರೊಂದು ಕೈಗಾರಿಕಾ ತರಬೇತಿ ಶಾಲೆಯಲ್ಲಿ ನಡೆಯುವ ಸ್ಥಿತಿಯಲ್ಲಿ ಇಟ್ಟರೆ ಹುಡುಗರು ಅದನ್ನು ಬಿಚ್ಚಿ ಜೋಡಿಸಿ ಕಲಿಯುವರು. ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವುದು ಬೇಡ. ನಿಂತ ಯಂತ್ರದ ಗತಿಯನ್ನು ಮೇಲೆಯೇ ಹೇಳಿದ್ದೇವೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿವಸ ಹೂಮಾಲೆ ಹಾಕುವ ಮೊದಲು ಅದರ ಸರಪಣಿಯ ಜೋಲನ್ನು ಅಳೆದು, ಎಣ್ಣೆ ನೋಡಿ, ಒಂದಿಷ್ಟು ದೂರ ನಡೆಸಿದರೆ ಆ ಪೂಜೆಯೂ ಸಾರ್ಥಕವಾದೀತು.